ಹೊರೆ ಹೊತ್ತ ಹನ್ನೆರಡನೇ ಸ್ಕ್ವಾಡ್ರನ್

ಶಿರ್ತಾಡಿ, ಮೂಡುಬಿದಿರೆ, ವೇಣೂರು ಕಡೆಯವರಿಗೆ ವಿಮಾನ ಎಂದರೆ ಬಜಪೆ. ಗುಡ್ಡ ಕಡಿದು ಮಟ್ಟ ಮಾಡಿದ ಆ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ಪ್ರಧಾನಿ ನೆಹರೂ ಅಂದು ಬಂದಿಳಿದದ್ದು ಡಕೋಟಾದಲ್ಲಿ. ಎರಡು ಪಂಕದ ಎಂಜಿನ್ನು, ಹಿಂದೆ ಬಾಲದ ಕೆಳಗೊಂದು ಪುಟ್ಟ ಚಕ್ರ, ನಿಂತಾಗ ಮೂಗು ಮೇಲೆತ್ತಿಕೊಂಡೇ ನಿಲ್ಲುವ ವಿಮಾನ ಅದು. ಪ್ರಧಾನಿಯನ್ನು ಕರಾವಳಿಗೆ ತಂದ ಈ ಜಾತಿಯ ವಿಮಾನವೇ ಅದಕ್ಕೂ ನಾಲ್ಕು ವರ್ಷ ಮೊದಲು ಕಾಶ್ಮೀರಕ್ಕೆ ಸೈನಿಕರನ್ನು ಹೊತ್ತು ಹಾರಿತ್ತು. ಆಗ ಅದನ್ನು ಹಾರಿಸಿದ್ದು ವಾಯುಪಡೆಯ 12ನೇ ಸ್ಕ್ವಾಡ್ರನ್, ನಮ್ಮ ವಾಯುಪಡೆಯ ಮೊದಲ ಸಾರಿಗೆ ದಳ.

ವಾಯುಪಡೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಯುದ್ಧವಿಮಾನಗಳು. ಏರ್ ಶೋದಲ್ಲಿ ಚಪ್ಪಾಳೆ ಬೀಳುವುದೂ ಅವಕ್ಕೇ. ಅಕ್ಕಿ ಮೂಟೆ, ಸೀಮೆಎಣ್ಣೆ ಡಬ್ಬ, ಗಾಯಾಳು, ರಜೆ ಮುಗಿಸಿ ಮರಳುವ ಯೋಧ, ಹೀಗೆ ಎಲ್ಲವನ್ನೂ ಹೊತ್ತು ಹಾರುವ ದೊಡ್ಡ ಹೊಟ್ಟೆಯ ವಿಮಾನಕ್ಕೆ ಅಂಥ ಮರ್ಯಾದೆ ಸಿಗುವುದು ಕಡಿಮೆ. ಚಾರ್ಮಾಡಿ ಘಾಟಿ ಹತ್ತುವ ಲಾರಿಯನ್ನು ಯಾರು ತಿರುಗಿ ನೋಡುತ್ತಾರೆ? ಲಾರಿ ನಿಂತ ದಿನ ಅಂಗಡಿಯಲ್ಲಿ ಸಾಮಾನಿಲ್ಲದಾಗ ಮಾತ್ರ ಅದರ ನೆನಪು.

12ನೇ ಸ್ಕ್ವಾಡ್ರನ್ ಹುಟ್ಟಿದ್ದು ಮಾತ್ರ ಯುದ್ಧವಿಮಾನದ ದಳವಾಗಿಯೇ. 1945ರ ಡಿಸೆಂಬರ್‌ನಲ್ಲಿ, ಈಗ ಪಾಕಿಸ್ತಾನದಲ್ಲಿರುವ ಕೊಹಾಟ್‌ನಲ್ಲಿ, ಸ್ಪಿಟ್‌ಫೈರ್‌ಗಳೊಂದಿಗೆ. ಮರುವರ್ಷ ಅದರ ಕೈಗೆ ಡಕೋಟಾ ಬಂತು. ಸ್ಪಿಟ್‌ಫೈರ್ ಹಾರಿಸಿದ ಹುಡುಗರಿಗೆ ಈ ಬದಲಾವಣೆ ಹೇಗೆ ಕಂಡಿರಬಹುದೆಂದು ಊಹಿಸುವುದು ಕಷ್ಟವಲ್ಲ. ದೇಶ ಇಬ್ಭಾಗವಾದಾಗ ದಳ ಭಾರತದ ಪಾಲಿಗೆ ಬಂತು. ಮುಂದೆ ಆಗ್ರಾ ಅದರ ಮನೆಯಾಯಿತು. ಹಿಮಾಲಯದ ಚಮರೀಮೃಗ ಯಾಕ್ ಅದರ ಹೆಸರಾಯಿತು. ಹೊರೆ ಹೊತ್ತು ಕಣಿವೆ ದಾಟುವ ಪ್ರಾಣಿ. ಈ ದಳಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಇರಲಿಕ್ಕಿಲ್ಲ.

ಡಕೋಟಾಗಳ ಹಿಂದೆ ಬೆಂಗಳೂರಿನ ಕೆಲಸವೂ ಇದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜತೆ ಸೇರಿ ಕಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕನ್ನರು ಇಲ್ಲಿ ಬಿಟ್ಟುಹೋದ ಡಕೋಟಾಗಳನ್ನು ಬಿಚ್ಚಿ, ತೊಳೆದು, ಸರಿಪಡಿಸಿ ವಿಮಾನ ಕಂಪನಿಗಳಿಗೂ ವಾಯುಪಡೆಗೂ ಕೊಟ್ಟದ್ದು ಇದೇ ಕಾರ್ಖಾನೆ.

1947ರ ಅಕ್ಟೋಬರ್ 27ರ ಬೆಳಿಗ್ಗೆ ದಿಲ್ಲಿಯಿಂದ ಡಕೋಟಾಗಳು ಶ್ರೀನಗರದತ್ತ ಹೊರಟವು. ಒಳಗಿದ್ದವರು ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಅವರ ನಾಯಕತ್ವದ ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನವರು. ಪಾಕಿಸ್ತಾನದ ಕಡೆಯಿಂದ ಕಾಶ್ಮೀರಕ್ಕೆ ನುಗ್ಗಿದ್ದ ದಾಳಿಕೋರರು ಅಷ್ಟರಲ್ಲಿ ಬಾರಾಮುಲ್ಲಾ ತಲುಪಿದ್ದರು. ಶ್ರೀನಗರದ ವಿಮಾನ ನಿಲ್ದಾಣ ಯಾರ ಕೈಯಲ್ಲಿದೆ ಎಂಬುದೇ ದಿಲ್ಲಿಯಲ್ಲಿದ್ದವರಿಗೆ ಖಚಿತವಿರಲಿಲ್ಲ. ರಾಯ್ ಅವರಿಗಿದ್ದ ಆದೇಶ ಇಷ್ಟು: ನಿಲ್ದಾಣದ ಮೇಲೆ ಸುತ್ತು ಹಾಕಿ ನೋಡಿ, ಅನುಮಾನ ಬಂದರೆ ಇಳಿಯದೆ ಜಮ್ಮುವಿಗೆ ಹಿಂದಿರುಗಿ. ಅವರು ಇಳಿದರು. ಅದರ ಬೆನ್ನಿಗೇ ನಡೆದ ಕಾದಾಟದಲ್ಲಿ ರಾಯ್ ತೀರಿಕೊಂಡರು. ಖಾಸಗಿ ಕಂಪನಿಗಳ ಡಕೋಟಾಗಳೂ ಸೇರಿ ಆಮೇಲಿನ ದಿನಗಳಲ್ಲಿ ದಿಲ್ಲಿ ಮತ್ತು ಶ್ರೀನಗರದ ನಡುವೆ ಎಡೆಬಿಡದ ಓಡಾಟ ನಡೆಯಿತು. ನಿಲ್ದಾಣ ಉಳಿದದ್ದರಿಂದಲೇ ಕಣಿವೆ ಉಳಿಯಿತು.

ಮೊದಲು ಇಳಿದ ಡಕೋಟಾದ ಸಂಖ್ಯೆ ವಿಪಿ 905 ಎಂದು ವಾಯುಪಡೆ ನೆನಪಿಟ್ಟುಕೊಂಡಿದೆ. ಅದೇ ಸಂಖ್ಯೆ ಬರೆಸಿಕೊಂಡ ಇನ್ನೊಂದು ಹಳೆಯ ಡಕೋಟಾ 2018ರಲ್ಲಿ ವಾಯುಪಡೆಯ ಪಾರಂಪರಿಕ ವಿಮಾನಗಳ ಸಾಲಿಗೆ ಸೇರಿತು. ಗುಜರಿಯ ಸ್ಥಿತಿಯಲ್ಲಿದ್ದ ಅದನ್ನು ಕೊಂಡು, ಬ್ರಿಟನ್ನಿನಲ್ಲಿ ಹಾರುವ ಹಾಗೆ ಮಾಡಿಸಿ ಕಾಣಿಕೆಯಾಗಿ ಕೊಟ್ಟವರು ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್. ಅವರ ತಂದೆ ಏರ್ ಕಮೊಡೋರ್ ಎಂ.ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ವಿಮಾನಕ್ಕಿಟ್ಟ ಹೆಸರು ‘ಪರಶುರಾಮ’. ಕೊಡಲಿ ಎಸೆದು ಕಡಲಿನಿಂದ ನೆಲ ಪಡೆದವನ ಕತೆ ಕೇಳುತ್ತ ಬೆಳೆದ ತುಳುನಾಡಿನವರಿಗೆ ಈ ಹೆಸರನ್ನು ಯಾರೂ ವಿವರಿಸಬೇಕಾಗಿಲ್ಲ.

ಶ್ರೀನಗರದ ಇಳಿತ ಎಲ್ಲ ಪುಸ್ತಕಗಳಲ್ಲೂ ಇದೆ. ಅದಕ್ಕಿಂತ ಎದೆಗಾರಿಕೆ ಬೇಡಿದ್ದು ಪೂಂಚ್ ಎಂದು ನನಗನ್ನಿಸುತ್ತದೆ. ಮುತ್ತಿಗೆಗೆ ಸಿಕ್ಕಿದ್ದ ಆ ಊರಿನಲ್ಲಿ ಸೈನಿಕರಿಗಿಂತ ನಿರಾಶ್ರಿತರೇ ಹೆಚ್ಚು. ಅವರೇ ಕೈಜೋಡಿಸಿ ಒಂದು ಪುಟ್ಟ ಓಡುಹಾದಿ ಮಾಡಿಕೊಟ್ಟರು. ಮೂರು ಬದಿಗೆ ತೊರೆ, ಸುತ್ತಲಿನ ಗುಡ್ಡಗಳಲ್ಲಿ ಎದುರಾಳಿಗಳು. 1947ರ ಡಿಸೆಂಬರ್‌ನಲ್ಲಿ ಏರ್ ಕಮೊಡೋರ್ ಮೆಹರ್ ಸಿಂಗ್ ಅಲ್ಲಿ ಮೊದಲ ಡಕೋಟಾ ಇಳಿಸಿದರು. ಗುಡ್ಡದ ಮೇಲಿನ ಫಿರಂಗಿಗಳಿಗೆ ಉತ್ತರ ಕೊಡಲು ಇಲ್ಲೂ ಫಿರಂಗಿ ಬೇಕಿತ್ತು. ಅವನ್ನೂ ಡಕೋಟಾದಲ್ಲೇ ತಂದರು, ರಾತ್ರಿ ಎಣ್ಣೆ ದೀಪ ಹಚ್ಚಿದ ಓಡುಹಾದಿಯಲ್ಲೂ ಇಳಿದರು. ಮದ್ದುಗುಂಡು, ಧಾನ್ಯ ಇಳಿಸಿ, ಖಾಲಿ ಹೊಟ್ಟೆಯಲ್ಲಿ ಗಾಯಾಳುಗಳನ್ನೂ ಹೆಂಗಸರು ಮಕ್ಕಳನ್ನೂ ತುಂಬಿಕೊಂಡು ಮರಳಿದರು. ಹೀಗೆ ಹೊರಬಂದವರ ಲೆಕ್ಕ ಸಾವಿರಗಳಲ್ಲಿದೆ.

ಮುಂದಿನದು ಲೇಹ್. ಇದರಲ್ಲಿ ನಮ್ಮ ಕೊಡಗಿನವರೊಬ್ಬರಿದ್ದಾರೆ. 1948ರ ಮೇ 24ರಂದು ಮೆಹರ್ ಸಿಂಗ್ ಹಾರಿಸಿದ ಡಕೋಟಾದಲ್ಲಿ ಕೂತು ಹೋದವರು ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ, ಮಡಿಕೇರಿಯಲ್ಲಿ ಹುಟ್ಟಿದವರು, ಮುಂದೆ ಭೂಸೇನೆಯ ಮುಖ್ಯಸ್ಥರಾದವರು. ಲಡಾಖ್‌ಗೆ ಆಗ ವಿಮಾನದ ದಾರಿಯೇ ಇರಲಿಲ್ಲ, ನಂಬಬಹುದಾದ ನಕ್ಷೆಯೂ ಇಲ್ಲ. ಡಕೋಟಾದೊಳಗೆ ಎತ್ತರದ ಗಾಳಿಯ ಕೊರತೆ ತಡೆಯುವ ಏರ್ಪಾಡಿಲ್ಲ, ರೆಕ್ಕೆಯ ಮೇಲೆ ಮಂಜು ಕಟ್ಟಿದರೆ ಕರಗಿಸುವ ಸಾಧನವಿಲ್ಲ. ಜೋಜಿ ಲಾ, ಫೋಟು ಲಾ ಕಣಿವೆಗಳ ಮೇಲೆ ಹಾರಿ, ಸಿಂಧೂ ನದಿಯ ದಂಡೆಯಲ್ಲಿ ಎಂಜಿನಿಯರ್ ಸೋನಮ್ ನೊರ್ಬು ಊರವರಿಂದ ಮಾಡಿಸಿದ್ದ ಮರಳಿನ ಓಡುಹಾದಿಯಲ್ಲಿ ಇಳಿದರು. ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಮೇಲೆ. ಆ ತನಕ ಚಕ್ರದ ವಾಹನವನ್ನೇ ಅಷ್ಟಾಗಿ ಕಾಣದ ಜನ ವಿಮಾನಕ್ಕೆ ಹುಲ್ಲು ತಂದಿಟ್ಟರಂತೆ. ಈ ಕತೆ ಎಷ್ಟು ನಿಜವೋ, ಹೇಳುವವರು ಮಾತ್ರ ಇಂದಿಗೂ ಬಿಡುವುದಿಲ್ಲ. ಹಿಂದಿನಿಂದ ಗೂರ್ಖಾ ಸೈನಿಕರನ್ನು ತುಂಬಿದ ಡಕೋಟಾಗಳು ಬಂದವು, ಲೇಹ್ ಉಳಿಯಿತು.

ಡಕೋಟಾಕ್ಕೆ ಸಾಮಾನು ತುಂಬುವುದೂ ಒಂದು ವಿದ್ಯೆ. ಬಾಲ ನೆಲಕ್ಕೆ ತಾಗುವಂತೆ ನಿಲ್ಲುವುದರಿಂದ ಒಳಗಿನ ನೆಲ ಇಳಿಜಾರು. ಬಾಗಿಲಿರುವುದು ಹಿಂಬದಿಯ ಎಡಪಕ್ಕ. ಏರಿಸಿದ ಮೂಟೆಯನ್ನು ಮೇಲ್ಮುಖವಾಗಿ ತಳ್ಳುತ್ತ ಮುಂದಕ್ಕೆ ಒಯ್ಯಬೇಕು. ಭಾರ ಎಲ್ಲಿ ಕೂರಬೇಕೆಂಬ ಲೆಕ್ಕ ತಪ್ಪಿದರೆ ವಿಮಾನ ಏಳುವುದಿಲ್ಲ, ಎದ್ದರೂ ನೆಟ್ಟಗೆ ಹಾರುವುದಿಲ್ಲ. ಇಳಿಯಲು ಜಾಗವಿಲ್ಲದ ಗಡಿಠಾಣೆಗಳಿಗೆ ಮೇಲಿನಿಂದಲೇ ಹಾಕುವುದು. ಒಡೆಯುವ ವಸ್ತುಗಳಿಗೆ ಪ್ಯಾರಾಚೂಟು. ಅಕ್ಕಿ, ಉಪ್ಪು, ಬೇಳೆಗೆ ಪ್ಯಾರಾಚೂಟು ದಂಡ, ಅವನ್ನು ಎರಡು ಮೂರು ಗೋಣಿಚೀಲ ಒಂದರೊಳಗೊಂದು ಹಾಕಿ, ಸಡಿಲವಾಗಿ ತುಂಬಿ ಕೆಡವುತ್ತಾರೆ. ನೆಲಕ್ಕೆ ಬಡಿದಾಗ ಒಳಗಿನ ಚೀಲ ಒಡೆದರೂ ಹೊರಗಿನದು ಹಿಡಿದುಕೊಳ್ಳುತ್ತದೆ. ಜೀವಂತ ಆಡು ಕುರಿಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸಿದ್ದುಂಟು. ಕಟ್ಟುವುದು, ವಿಮಾನದ ಬಾಗಿಲಲ್ಲಿ ನಿಂತು ತಳ್ಳುವುದು ಭೂಸೇನೆಯ ಸರ್ವಿಸ್ ಕೋರ್‌ನವರ ಕೆಲಸ. ಪೈಲಟ್ ಒಂದು ಕಿರಿದಾದ ಕಣಿವೆಯಲ್ಲಿ ಮತ್ತೆ ಮತ್ತೆ ಸುತ್ತು ಹಾಕಬೇಕು, ಗಂಟೆ ಬಾರಿಸಿದೊಡನೆ ಒಂದೊಂದು ಸುತ್ತಿಗೂ ಒಂದಿಷ್ಟು ಚೀಲ ಹೊರಗೆ.

1954ರಿಂದ ಪ್ಯಾಕೆಟ್ ಎಂಬ ಅಮೆರಿಕದ ವಿಮಾನಗಳು ಬಂದವು, ಜೋಡಿ ಬಾಲ, ಹಿಂದಿನಿಂದ ತೆರೆಯುವ ಹೊಟ್ಟೆ. ಲಡಾಖ್‌ನ ಎತ್ತರಕ್ಕೆ ಅವುಗಳ ಎರಡು ಎಂಜಿನ್ ಸಾಲಲಿಲ್ಲ. ಆಗ ಅವುಗಳ ಬೆನ್ನ ಮೇಲೆ ಮೂರನೆಯದೊಂದು ಜೆಟ್ ಎಂಜಿನ್ ಕೂರಿಸಿದರು. ನ್ಯಾಟ್ ಯುದ್ಧವಿಮಾನಕ್ಕೆಂದು ಬೆಂಗಳೂರಿನ ಎಚ್‌ಎಎಲ್ ತಯಾರಿಸುತ್ತಿದ್ದ ಆರ್ಫಿಯಸ್ ಎಂಜಿನ್ನೇ ಈ ಕೆಲಸಕ್ಕೂ ಒದಗಿತು. ನೋಡಲು ವಿಚಿತ್ರ, ಕೆಲಸಕ್ಕೆ ಭೇಷ್. 1962ರ ಜುಲೈನಲ್ಲಿ ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ 16,000 ಅಡಿಗೂ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಪ್ಯಾಕೆಟ್ ಇಳಿಸಿದರು. 1971ರ ಬಾಂಗ್ಲಾ ಯುದ್ಧದಲ್ಲಿ, ಡಿಸೆಂಬರ್ 11ರಂದು, ಢಾಕಾದ ದಾರಿಯ ತಂಗೈಲ್‌ನಲ್ಲಿ ಎರಡನೇ ಪ್ಯಾರಾ ಬೆಟಾಲಿಯನ್ ಧುಮುಕಿದ್ದು ಡಕೋಟಾ, ಪ್ಯಾಕೆಟ್, ಎಎನ್-12, ಕ್ಯಾರಿಬೂ ಎಲ್ಲ ಸೇರಿದ ಸುಮಾರು 50 ವಿಮಾನಗಳಿಂದ. ಢಾಕಾ ಶರಣಾದದ್ದು ಐದೇ ದಿನಕ್ಕೆ.

1984ರಿಂದ ಸೋವಿಯತ್ ಒಕ್ಕೂಟದ ಎಎನ್-32 ಬರತೊಡಗಿತು. ಈಗ ಆಗ್ರಾದ ಯಾಕ್‌ಗಳು ಹಾರಿಸುವುದೂ ಅದನ್ನೇ. ಬಿಸಿ ನಾಡಿಗೂ ಎತ್ತರದ ನಿಲ್ದಾಣಕ್ಕೂ ಹೊಂದಬೇಕೆಂಬ ಭಾರತದ ಬೇಡಿಕೆಯಂತೆ ರೂಪಿಸಿದ ವಿಮಾನ, ಸುಮಾರು ಆರೂವರೆ ಟನ್ ಹೊರುತ್ತದೆ. ದೊಡ್ಡ ಪಂಕ ನೆಲಕ್ಕೆ ತಾಗಬಾರದೆಂದು ಎಂಜಿನ್ನುಗಳನ್ನು ರೆಕ್ಕೆಯ ಮೇಲಕ್ಕೆ ಎತ್ತಿ ಕೂರಿಸಿದ್ದಾರೆ. ಹಿಂದಿನ ಬಾಗಿಲು ಹಲಗೆಯಂತೆ ಕೆಳಗಿಳಿಯುತ್ತದೆ, ಬೇಕೆಂದರೆ ಹೊಟ್ಟೆಯ ಕೆಳಗೆ ಸರಿದುಕೊಳ್ಳುತ್ತದೆ, ಲಾರಿಯನ್ನು ಹಿಮ್ಮುಖವಾಗಿ ತಂದು ನೇರ ಒಳಕ್ಕೆ ಸಾಮಾನು ದಾಟಿಸಬಹುದು.

ಈ ವಿಮಾನ ಅಂತಾರಾಷ್ಟ್ರೀಯ ಸುದ್ದಿಯಾದದ್ದು ಬೆಂಗಳೂರಿನಿಂದ. 1987ರ ಜೂನ್ 3ರಂದು ಜಾಫ್ನಾಕ್ಕೆ ಪರಿಹಾರ ಸಾಮಗ್ರಿ ಒಯ್ಯುತ್ತಿದ್ದ ದೋಣಿಗಳನ್ನು ಶ್ರೀಲಂಕಾದ ನೌಕಾಪಡೆ ತಡೆದು ಹಿಂದೆ ಕಳಿಸಿತು. ಮರುದಿನ ಐದು ಎಎನ್-32ಗಳು ಬೆಂಗಳೂರಿನಿಂದ ಹೊರಟು, ಮಿರಾಜ್‌ಗಳ ಕಾವಲಿನಲ್ಲಿ, ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿ ಇಳಿಸಿ ಬಂದವು. ವಿಮಾನದೊಳಗೆ ಪತ್ರಕರ್ತರನ್ನೂ ಕೂರಿಸಿಕೊಂಡಿದ್ದರು. ಹಸಿದವರಿಗೆ ಅನ್ನ ಎಂಬುದು ಒಂದು ಮುಖ. ನೆರೆಯ ದೇಶದ ಆಕಾಶಕ್ಕೆ ಕೇಳದೆ ನುಗ್ಗಿದ್ದು ಇನ್ನೊಂದು. ಸಾಮಾನಿನ ವಿಮಾನವೂ ಎಂಥ ರಾಜಕೀಯ ಮಾತನಾಡಬಲ್ಲದು ಎಂಬುದಕ್ಕೆ ಆಪರೇಷನ್ ಪೂಮಾಲೈ ಎಂಬ ಈ ಹಾರಾಟಕ್ಕಿಂತ ಬೇರೆ ಸಾಕ್ಷಿ ಬೇಡ. ಎರಡು ತಿಂಗಳಾಗುವಷ್ಟರಲ್ಲಿ ಒಪ್ಪಂದವಾಗಿ ಭಾರತದ ಸೇನೆಯೇ ಆ ದ್ವೀಪದಲ್ಲಿತ್ತು.

ಹೊಸದಾಗಿ ಬರುವ ಸಾರಿಗೆ ಪೈಲಟ್‌ಗಳೂ ಕರ್ನಾಟಕದ ನೀರು ಕುಡಿದೇ ಹೋಗುತ್ತಾರೆ. 1963ರಲ್ಲಿ ಶುರುವಾದ ಯಲಹಂಕದ ನೆಲೆ ಸಾರಿಗೆ ವಿಮಾನದವರ ತರಬೇತಿ ಕೇಂದ್ರ. ಅಲ್ಲಿಗೆ ಏರ್ ಶೋ ನೋಡಲು ಹೋಗುವ ನಮ್ಮವರು ಆ ಓಡುಹಾದಿಯ ನಿತ್ಯದ ಕೆಲಸ ಇದು ಎಂಬುದನ್ನು ಗಮನಿಸುವುದಿಲ್ಲ, ಅಷ್ಟೆ.

ಈ ಓಡಾಟಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ಎಎನ್-12 ಹವೆ ಕೆಟ್ಟು ಹಿಂತಿರುಗುವಾಗ ರೋಹ್ತಾಂಗ್ ಬಳಿ ಕಾಣೆಯಾಯಿತು. ಒಳಗೆ 102 ಜನ. ಹಿಮನದಿಯಲ್ಲಿ ಮೊದಲ ಗುರುತು ಸಿಕ್ಕಿದ್ದು 2003ರಲ್ಲಿ, 2024ರಲ್ಲೂ ನಾಲ್ಕು ದೇಹಗಳು ಸಿಕ್ಕವು. 2016ರ ಜುಲೈ 22ರಂದು ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32 ಬಂಗಾಳ ಕೊಲ್ಲಿಯಲ್ಲಿ 29 ಜನರೊಂದಿಗೆ ಮುಳುಗಿತು. ಅವಶೇಷ ಕಂಡದ್ದು 2024ರಲ್ಲಿ, 3,400 ಮೀಟರ್ ಆಳದಲ್ಲಿ. 2019ರ ಜೂನ್‌ನಲ್ಲಿ ಅರುಣಾಚಲದ ಮೆಚುಕಾದ ದಾರಿಯಲ್ಲಿ ಇನ್ನೊಂದು ಎಎನ್-32 ಬಿದ್ದು 13 ಜನ ತೀರಿಕೊಂಡರು. ಇವೆಲ್ಲ ಯುದ್ಧವಿಲ್ಲದ ದಿನಗಳ ಸಾವು.

ವಾಯುಪಡೆಯ ಹಳೆಯ ಅವ್ರೋ ಸಾರಿಗೆ ವಿಮಾನಗಳ ಜಾಗಕ್ಕೆ ಈಗ 56 ಸಿ-295 ವಿಮಾನಗಳು ಬರುತ್ತಿವೆ. 16 ಸ್ಪೇನ್‌ನಿಂದ, ಉಳಿದ 40 ವಡೋದರಾದಲ್ಲೇ ಟಾಟಾದವರು ಕಟ್ಟುವಂಥವು. ಎಎನ್-32ರ ಕತೆ ಅಷ್ಟು ಸಲೀಸಲ್ಲ. ವಯಸ್ಸು ನಲವತ್ತರ ಆಸುಪಾಸು, ಬಿಡಿಭಾಗ ಬರಬೇಕಾದ ಉಕ್ರೇನ್ ಸಂಕಷ್ಟದಲ್ಲಿದೆ. ಅವುಗಳ ಹೊರೆ ಹೊರಲು ಬ್ರೆಜಿಲ್, ಅಮೆರಿಕ, ಯುರೋಪಿನ ವಿಮಾನಗಳು ಪೈಪೋಟಿಗಿಳಿದಿವೆ. ಗೆದ್ದದ್ದು ಯಾವುದೇ ಆದರೂ ಅದು ಲಡಾಖ್‌ನ ತೆಳು ಗಾಳಿಯಲ್ಲಿ ಇಳಿದು, ಹೊರೆ ಕೆಳಗಿಟ್ಟು, ಮತ್ತೆ ಏಳಬಲ್ಲದೇ ಎಂಬುದನ್ನೇ ಆಗ್ರಾದವರು ಮೊದಲು ಕೇಳುತ್ತಾರೆ.