ಜಾಲ ನಿರ್ವಹಣೆ: ಪ್ರವೇಶ ನಿಯಂತ್ರಣ ಮತ್ತು ಭದ್ರತೆ

ಬ್ಯಾಂಕು, ಆಸ್ಪತ್ರೆ, ರೈಲ್ವೆ ಕಚೇರಿ ಮೊದಲಾದೆಡೆಗಳಲ್ಲಿ ಗಣಕಯಂತ್ರಗಳನ್ನು ಪರಸ್ಪರ ಜೋಡಿಸುವ ರೌಟರ್, ಸ್ವಿಚ್ ಮುಂತಾದ ಸಾಧನಗಳು ಹಲವು ಕಟ್ಟಡಗಳಲ್ಲಿ ಹರಡಿಕೊಂಡಿರುತ್ತವೆ. ಪ್ರತಿಯೊಂದರ ಬಳಿಗೂ ಸಿಬ್ಬಂದಿಯನ್ನು ಕಳುಹಿಸಿ ಸ್ಥಿತಿಗತಿ ವಿಚಾರಿಸುವುದು ಆಗದ ಮಾತು. ಆದುದರಿಂದ ಒಂದೆಡೆ ಕುಳಿತೇ ಅವುಗಳನ್ನು ಗಮನಿಸಲು, ಅಗತ್ಯವಾದರೆ ಅವುಗಳ ವ್ಯವಸ್ಥೆಯನ್ನು ಬದಲಾಯಿಸಲು ಜಾಲ ನಿರ್ವಹಣಾ ತಂತ್ರಾಂಶವನ್ನು ಬಳಸಲಾಗುತ್ತದೆ. ಈ ತಂತ್ರಾಂಶ ಮತ್ತು ಸಾಧನಗಳ ನಡುವಣ ಸಂವಾದಕ್ಕೆಂದು 1988ರಲ್ಲಿ ಪ್ರಕಟವಾದ ನಿಯಮಾವಳಿಯೇ ಎಸ್‌ಎನ್‌ಎಂಪಿ.

ದೂರದಿಂದಲೇ ಆಜ್ಞೆ ನೀಡಬಹುದಾದ ಈ ಅನುಕೂಲವೇ ಅಪಾಯದ ಮೂಲವೂ ಆಗಿದೆ. ನಿಯಮಾವಳಿಯ ಮೊದಲನೆಯ ಆವೃತ್ತಿಯಲ್ಲಿಯೂ ಅನಂತರದ 2ಸಿ ಆವೃತ್ತಿಯಲ್ಲಿಯೂ 'ಕಮ್ಯುನಿಟಿ' ಎಂದು ಕರೆಯಲಾಗುವ ಒಂದೇ ಪದವನ್ನು ಒಪ್ಪಿಸಿದವರಿಗೆ ಪ್ರವೇಶ ದೊರೆಯುತ್ತದೆ. ಮಾಹಿತಿಯನ್ನು ಓದಲು 'ಪಬ್ಲಿಕ್', ಬದಲಾಯಿಸಲು 'ಪ್ರೈವೇಟ್' ಎಂಬ ಪದಗಳನ್ನು ಹಲವು ತಯಾರಕರು ಕಾರ್ಖಾನೆಯಲ್ಲಿಯೇ ಅಳವಡಿಸಿ ಕಳುಹಿಸುತ್ತಿದ್ದರು. ಊರಿಗೆಲ್ಲ ತಿಳಿದಿರುವ ಪದವನ್ನು ಗುಪ್ತಪದವೆನ್ನುವುದು ಹಾಸ್ಯಾಸ್ಪದವೇ ಸರಿ. ಅದನ್ನು ಬದಲಾಯಿಸಿದರೂ ಪೂರ್ಣ ರಕ್ಷಣೆ ದೊರೆಯದು; ಏಕೆಂದರೆ ಆ ಪದವು ಅಂಚೆ ಕಾರ್ಡಿನ ಬರಹದಂತೆ ಯಾವ ಮರೆಯೂ ಇಲ್ಲದೆ ಜಾಲದಲ್ಲಿ ಸಾಗುತ್ತದೆ. ಬದಲಾವಣೆಯ ಪದವನ್ನು ಮಾರ್ಗಮಧ್ಯದಲ್ಲಿ ಓದಿಕೊಂಡವನು ಇಡೀ ಆಸ್ಪತ್ರೆಯ ಸಂಪರ್ಕವನ್ನೇ ಕಡಿದುಹಾಕಬಲ್ಲನು.

ಈ ಕೊರತೆಯನ್ನು ನೀಗಿಸಲು ರೂಪಿಸಲಾದ ಮೂರನೆಯ ಆವೃತ್ತಿಯು 2002ರಲ್ಲಿ ಪೂರ್ಣ ಮಾನಕದ ಸ್ಥಾನ ಪಡೆಯಿತು. ಇದರಲ್ಲಿ ಪ್ರತಿ ಬಳಕೆದಾರನಿಗೂ ಪ್ರತ್ಯೇಕ ಹೆಸರು ನೀಡಬಹುದು. ಭದ್ರತೆಗೆ ಮೂರು ಮಟ್ಟಗಳುಂಟು: ದೃಢೀಕರಣವೂ ಗೋಪ್ಯತೆಯೂ ಇಲ್ಲದುದು, ದೃಢೀಕರಣ ಮಾತ್ರ ಉಳ್ಳದ್ದು, ಎರಡೂ ಉಳ್ಳದ್ದು. ಮೊದಲನೆಯದನ್ನು ಆಯ್ದುಕೊಂಡರೆ ಹೊಸ ಆವೃತ್ತಿಯನ್ನು ಅಳವಡಿಸಿಯೂ ಫಲವಿಲ್ಲ, ಮೂರನೆಯದನ್ನೇ ಆರಿಸತಕ್ಕದ್ದು. ದೃಢೀಕರಣಕ್ಕೆ ಹಳೆಯ ಎಂಡಿ5 ವಿಧಾನದ ಬದಲು ಅನಂತರ ಸೇರ್ಪಡೆಯಾದ ಎಸ್‌ಎಚ್‌ಎ-2 ವರ್ಗವನ್ನೂ, ಗೋಪ್ಯತೆಗೆ ಡಿಇಎಸ್ ಬದಲು ಎಇಎಸ್ ಅನ್ನೂ ಬಳಸುವುದು ಲೇಸು. ಎರಡಕ್ಕೂ ಬೇರೆ ಬೇರೆ ಗುಪ್ತಪದಗಳಿರಲಿ. ದೃಢೀಕರಣವಿದ್ದಲ್ಲಿ, 150 ಸೆಕೆಂಡಿಗಿಂತ ಹಳೆಯದಾದ ಸಂದೇಶವನ್ನು ಸಾಧನವು ತಿರಸ್ಕರಿಸುತ್ತದೆ. ನಿನ್ನೆ ಕದ್ದಿಟ್ಟುಕೊಂಡ ಆಜ್ಞೆಯನ್ನು ಇಂದು ಮತ್ತೆ ಕಳುಹಿಸುವ ಉಪಾಯ ಹೀಗೆ ವಿಫಲವಾಗುತ್ತದೆ.

ಗುರುತು ಖಚಿತವಾದ ಮಾತ್ರಕ್ಕೆ ಎಲ್ಲ ಅಧಿಕಾರವನ್ನೂ ಕೊಡಬೇಕೆಂದಿಲ್ಲ. ಯಾವ ಬಳಕೆದಾರನು ಯಾವ ಮಾಹಿತಿಯನ್ನು ನೋಡಬಹುದು, ಯಾವುದನ್ನು ತಿದ್ದಬಹುದು ಎಂಬುದನ್ನು 'ವ್ಯೂ' ಎಂಬ ವ್ಯವಸ್ಥೆಯ ಮೂಲಕ ನಿಗದಿಪಡಿಸಬಹುದು. ಸಂಚಾರ ದಟ್ಟಣೆಯನ್ನಷ್ಟೇ ಗಮನಿಸುವ ನೌಕರನಿಗೆ ಆ ಅಂಕಿಗಳನ್ನು ಓದುವ ಅವಕಾಶ ಸಾಕು. ತಿದ್ದುವ ಅಧಿಕಾರ ಯಾರಿಗೂ ಅಗತ್ಯವಿಲ್ಲದಿದ್ದರೆ ಅದನ್ನು ತೆಗೆದೇಬಿಡಬಹುದು. ಸಾಮಾನ್ಯವಾಗಿ 161ನೆಯ ಪೋರ್ಟಿಗೆ ಬರುವ ಕೋರಿಕೆಗಳನ್ನು ನಿರ್ವಹಣಾ ಕೇಂದ್ರದ ವಿಳಾಸದಿಂದ ಮಾತ್ರ ಸ್ವೀಕರಿಸುವಂತೆ ಸಾಧನಕ್ಕೆ ಸೂಚಿಸಬೇಕು. ಅಂತರಜಾಲದ ಕಡೆಗೆ ಅದನ್ನು ತೆರೆದಿಡಲೇಬಾರದು. ಪ್ರವೇಶದ ದಾಖಲೆಗಳನ್ನು ಅಳಿಸದೆ ಉಳಿಸುವುದೂ ಮುಖ್ಯ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನವು ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳವರೆಗೆ ಕಾಪಾಡಬೇಕೆಂದು ವಿಧಿಸಿದೆ.

ಮೂರನೆಯ ಆವೃತ್ತಿಯನ್ನು ಅರಿಯದ ಹಳೆಯ ಸಾಧನಗಳನ್ನು ಪ್ರತ್ಯೇಕ ಜಾಲದಲ್ಲಿರಿಸಿ, ಓದಲು ಮಾತ್ರ ಅವಕಾಶ ನೀಡಬೇಕು. ಉಳಿದವುಗಳಲ್ಲಿ ಹೊಸ ವ್ಯವಸ್ಥೆ ಸರಿಯಾಗಿ ನಡೆಯುವುದನ್ನು ಪರೀಕ್ಷಿಸಿದ ನಂತರ ಹಳೆಯ ಕಮ್ಯುನಿಟಿ ಪದಗಳನ್ನು ಅಳಿಸಿಹಾಕಬೇಕು. ಬಹಳ ಕಡೆ ಮರೆತುಹೋಗುವುದು ಈ ಕೊನೆಯ ಕೆಲಸವೇ; ಹೊಸ ಬಾಗಿಲಿಗೆ ಬೀಗ ಬಿದ್ದಿರುತ್ತದೆ, ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ.