ಒಪ್ಪತ್ತಿನ ಕಾಫಿ

ಉಪವಾಸದ ದಿನ ಕಾಫಿ ಕುಡಿಯಬಹುದೇ ಎಂಬ ಪ್ರಶ್ನೆಗೆ ನಮ್ಮ ಪ್ರಾಚೀನ ವ್ರತಗ್ರಂಥಗಳಲ್ಲಿ ಉತ್ತರ ದೊರೆಯಲಾರದು. ಅವು ಹುಟ್ಟಿದ ಕಾಲಕ್ಕೆ ಕಾಫಿ ಈ ನಾಡಿಗೆ ಬಂದೇ ಇರಲಿಲ್ಲ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಫಕೀರರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಆ ಪಾನೀಯವೋ ಮೊದಲಿನಿಂದಲೂ ಜಾಗರಣೆಯ ಸಂಗಾತಿ. ಯೆಮೆನ್ನಿನ ಸೂಫಿಗಳು 15ನೆಯ ಶತಮಾನದಲ್ಲಿಯೇ ರಾತ್ರಿಯ ಧ್ಯಾನಕ್ಕೆ ನಿದ್ರೆ ಅಡ್ಡಬಾರದಿರಲೆಂದು ಅದನ್ನು ಸೇವಿಸುತ್ತಿದ್ದರು. ಅವರು ನಿದ್ರೆಯನ್ನು ಓಡಿಸಲು ಬಳಸಿದುದನ್ನು ನಾನು ಹಸಿವನ್ನು ಓಡಿಸಲು ಹಿಡಿದುಕೊಂಡೆ.

ಸಂಗತಿ ಇಷ್ಟು. ತಂದೆಯವರನ್ನು ಬಹುಕಾಲ ಕಾಡಿದ ಸಕ್ಕರೆ ಕಾಯಿಲೆ ನನ್ನ ಹೊಸ್ತಿಲಿಗೂ ಬಂದು ನಿಂತಿದೆಯೆಂದು ಬೀದರಿನ ವೈದ್ಯರೊಬ್ಬರು ರಕ್ತಪರೀಕ್ಷೆಯ ಚೀಟಿಯನ್ನು ನೋಡಿ ಹೇಳಿದರು. ಗುಳಿಗೆ ಆಮೇಲೆ, ಮೊದಲು ತೂಕ ಇಳಿಸಿರಿ ಎಂದರು. ರಾತ್ರಿ ಎಂಟಕ್ಕೆ ಊಟ ಮುಗಿಸಿ ಮರುದಿನ ಮಧ್ಯಾಹ್ನ ಹನ್ನೆರಡರವರೆಗೆ ಏನನ್ನೂ ತಿನ್ನಬಾರದು. ಹದಿನಾರು ಗಂಟೆ ಬರಿ ಹೊಟ್ಟೆ, ಎಂಟು ಗಂಟೆಯೊಳಗೆ ಎರಡು ಊಟ. ಇದಕ್ಕೆ ಈಗ ದೊಡ್ಡ ದೊಡ್ಡ ಹೆಸರುಗಳಿವೆ. ಒಪ್ಪತ್ತು ಎಂಬ ನಮ್ಮ ಮೂರಕ್ಷರದ ಮಾತೇ ಇದಕ್ಕೆ ಸಮೀಪವೆಂದು ನನಗೆ ತೋರುತ್ತದೆ.

ಬೆಳಿಗ್ಗೆ ಏನನ್ನು ಕುಡಿಯಬಹುದೆಂದು ಕೇಳಿದೆ. ನೀರು, ಇಲ್ಲವೇ ಹಾಲು ಸಕ್ಕರೆ ಸೋಂಕದ ಕಾಫಿ. ಮನೆಯಲ್ಲಿ ಇದನ್ನು ಹೇಳಿದಾಗ ತಾಯಿಗೆ ನಗು ತಡೆಯಲಾಗಲಿಲ್ಲ. ಏಕಾದಶಿಯ ದಿನ ಅವರಿಗೆ ಹಾಲು ಸಲ್ಲುತ್ತದೆ, ಸಾಬುದಾಣಿ ಖಿಚಡಿ ಸಲ್ಲುತ್ತದೆ, ಶೇಂಗಾ ಬೆಲ್ಲವೂ ಸಲ್ಲುತ್ತದೆ. ‘ಏಕಾದಶಿ, ದುಪ್ಪಟ್ ಖಾಶಿ’ ಎಂದು ನೆರೆಯ ಮರಾಠಿಯವರು ಇಂಥ ಉಪವಾಸವನ್ನೇ ಹಾಸ್ಯ ಮಾಡಿದ್ದಾರೆ: ಏಕಾದಶಿಯೆಂದರೆ ಎರಡರಷ್ಟು ತಿನ್ನುವುದು! “ಹಾಲು ದೇವರಿಗೇ ನಡೀತದ, ನಿಂಗ್ಯಾಕ ನಡ್ಯಂಗಿಲ್ಲಪ್ಪಾ?” ಎಂದು ಕೇಳಿದರು. ಪಕ್ಕದ ಮನೆಯ ಹಿರಿಯರಿಗಾದರೆ ರೋಜಾದ ಹಗಲಿನಲ್ಲಿ ಒಂದು ಗುಟುಕು ನೀರೂ ವರ್ಜ್ಯ. ಒಂದೇ ಓಣಿಯಲ್ಲಿ ಮೂರು ಉಪವಾಸ, ಮೂರು ಶಾಸ್ತ್ರ.

ನನ್ನದು ಬರಿಯ ಲೆಕ್ಕದ ಶಾಸ್ತ್ರ. ಕೊನೆಯ ಊಟವಾಗಿ ಹತ್ತು ಹನ್ನೆರಡು ಗಂಟೆ ಕಳೆದ ಮೇಲೆ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಕರಗುತ್ತ ಬಂದು, ದೇಹವು ಕೊಬ್ಬಿನತ್ತ ಹೆಚ್ಚಾಗಿ ಕೈ ಚಾಚುತ್ತದೆ. ಬರಿ ಕಾಫಿಯ ಲೋಟದಲ್ಲಿರುವುದು ಎರಡು ಮೂರು ಕ್ಯಾಲೊರಿ. ಅದರಿಂದ ಈ ಕ್ರಮ ಕೆಡುವುದಿಲ್ಲ. ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆ ಕೂಡಿದೊಡನೆ ಅದು 80ರ ಸುಮಾರಿಗೆ ಏರುತ್ತದೆ. ಅದು ಆಹಾರವೇ ಸರಿ. ಕಾಫಿ ಸ್ವಲ್ಪ ಹೊತ್ತು ಹಸಿವನ್ನು ಮರೆಸುವುದೂ ಉಂಟು, ಕೆಲವರಿಗೆ ಎದೆಯುರಿ ತರುವುದೂ ಉಂಟು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಕೂಡದು. ಇನ್ನು ಈ ಒಪ್ಪತ್ತಿನ ಮಹಿಮೆಯನ್ನು ಅತಿಯಾಗಿ ಹೊಗಳುವವರಿಗೊಂದು ಮಾತು. ಚೀನಾದ ಗುವಾಂಗ್‌ಝೌ ನಗರದಲ್ಲಿ 139 ಜನರ ಮೇಲೆ ಒಂದು ವರ್ಷ ನಡೆಸಿದ ಪರೀಕ್ಷೆಯ ಫಲ 2022ರಲ್ಲಿ ಪ್ರಕಟವಾಯಿತು. ಊಟವನ್ನು ಮಿತಗೊಳಿಸಿ ಎಂಟು ಗಂಟೆಯೊಳಗೆ ಉಂಡವರಿಗೂ, ಅಷ್ಟನ್ನೇ ಹೊತ್ತಿನ ಕಟ್ಟಿಲ್ಲದೆ ಉಂಡವರಿಗೂ ತೂಕದಲ್ಲಿ ಗಣನೀಯವಾದ ಅಂತರ ಕಾಣಲಿಲ್ಲ. ಕಡಿಮೆ ಉಣ್ಣುವುದೇ ಮುಖ್ಯ, ಗಡಿಯಾರವು ಒಂದು ನೆಪ.

ಅಷ್ಟಾದರೂ ನನಗೆ ಆ ನೆಪ ಬೇಕಾಗಿತ್ತು. ಆದರೆ ನಮ್ಮದು ಚಹಾದ ಸೀಮೆ. 1956ರವರೆಗೆ ಹೈದರಾಬಾದಿನೊಡನೆ ಇದ್ದ ಈ ನೆಲದಲ್ಲಿ ಕಾಫಿ ಇಂದಿಗೂ ಅತಿಥಿಯೇ. ಹೋಟೆಲಿನಲ್ಲಿ ಕೇಳಿದರೆ ಹಾಲಿಗೆ ಚಿಟಿಕೆ ಪುಡಿ ಬೆರೆಸಿ ನೊರೆಯೆಬ್ಬಿಸಿ ತಂದಿಡುತ್ತಾರೆ. ಆದ್ದರಿಂದ ಕಪ್ಪು ಕಾಫಿಯನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ಬೀದರಿನಿಂದ ಭಾಲ್ಕಿಗೆ ಪಾಠ ಹೇಳಲು ಹೋಗುತ್ತಿದ್ದೆ. ಹನ್ನೊಂದರ ಬಿಡುವಿನಲ್ಲಿ ವಿದ್ಯಾರ್ಥಿಗಳ ಎದುರಿಗೇ ಅದನ್ನು ತೆರೆದು, ಸಂಯಮದ ಮೇಲೆ ನಾಲ್ಕು ಮಾತು ಆಡುವುದೂ ಇತ್ತು. ಮೇಷ್ಟರ ಚಾಳಿ!

ಒಂದು ದಿನ ಬಿ.ಎ. ಕೊನೆಯ ವರ್ಷದ ಹುಡುಗಿಯೊಬ್ಬಳು, ಔರಾದ ತಾಲೂಕಿನ ಹಳ್ಳಿಯಿಂದ ಬರುವವಳು, ಎಲ್ಲವನ್ನೂ ಕೇಳಿ, “ನಾನೂ ಇದೇ ಮಾಡ್ತೀನ್ರಿ ಸರ, ಹೆಸರು ಗೊತ್ತಿರಲಿಲ್ಲ” ಎಂದಳು. ಉಳಿದವರು ನಕ್ಕರು, ನಾನೂ ನಕ್ಕೆ. ನಸುಕಿನ ಬಸ್ಸು ಹಿಡಿಯುವ ಅವಸರದಲ್ಲಿ ಒಂದು ಕಪ್ಪು ಚಹಾ ಕುಡಿದು ಹೊರಟರೆ, ಅವಳಿಗೆ ರೊಟ್ಟಿಯ ಮುಖ ಕಾಣುವುದು ತಿರುಗಿ ಮನೆ ಸೇರಿದ ಮೇಲೆಯೇ ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ನಂತರ, ಅವಳು ತರಗತಿಯಲ್ಲಿ ತಲೆಸುತ್ತಿ ಕುಳಿತಾಗ. ರಕ್ತ ಕಡಿಮೆಯಿದೆ ಎಂದರು. ಊಟದೊಡನೆ ಕುಡಿದ ಚಹಾ ಆ ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆಂಬುದನ್ನು ನಾನು ಅಂದು ಓದಿ ತಿಳಿದೆ. ಹಸಿವನ್ನು ಮರೆಸುವ ಗುಣ ನನಗೆ ಸಹಾಯ, ಅವಳಿಗೆ ಅದೇ ಊಟದ ಬದಲು. ಆಮೇಲೆ ಫ್ಲಾಸ್ಕನ್ನು ಅಧ್ಯಾಪಕರ ಕೋಣೆಯ ಬಾಗಿಲು ಮುಂದೆ ಮಾಡಿಯೇ ತೆರೆಯುತ್ತಿದ್ದೇನೆ. ಮನೆಯಿಂದ ಕಟ್ಟಿಕೊಂಡು ಹೋಗುವ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳ ಗಂಟು ಸ್ವಲ್ಪ ದೊಡ್ಡದಾಗಿದೆ.

ಕಳೆದ ಬೇಸಗೆಯಲ್ಲಿ ಔರಾದಿಗೆ ಹೋದವನು ಅವಳ ಊರಿಗೂ ಹೋದೆ. ಅವಳ ತಾಯಿ ಹೊಲದ ಕೆಲಸ ಬಿಟ್ಟು ಬಂದು, ಕೈಕಾಲು ತೊಳೆದುಕೊಂಡು, ಒಲೆ ಹೊತ್ತಿಸಿದರು. ಬೇಡವೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ನನ್ನತ್ತ ನೋಡಿ, “ಸರ ಉಪಾಸ ಇರ್ತಾರವ್ವ” ಎಂದು ಮೆಲ್ಲಗೆ ಹೇಳಿದಳು. “ಅಯ್ಯ, ಉಪಾಸಕ್ಕ ಚಾ ನಡೀತದ ತಗೋ” ಎಂದು ಆ ತಾಯಿ ಬಟ್ಟಲನ್ನು ಮುಂದಿಟ್ಟರು. ಗಡಿಯಾರದಲ್ಲಿ ಹನ್ನೊಂದೂಕಾಲು. ಎಮ್ಮೆಯ ಗಟ್ಟಿ ಹಾಲು. ಸಕ್ಕರೆ ಮೂರು ಚಮಚವಾದರೂ ಇದ್ದೀತು. ಬಸಿಯಲ್ಲಿ ಆರಿಸಿಕೊಂಡು ಕೊನೆಯ ಹನಿಯವರೆಗೂ ಕುಡಿದೆ.