ಇಪ್ಪತ್ತರ ಹರೆಯದಲ್ಲೇ ಮೊದಲಾಗುವ ಹೃದ್ರೋಗ

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವು. ಸತ್ತವರಲ್ಲಿ ಹಲವರು ಹರೆಯದವರು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಕೋವಿಡ್ ಲಸಿಕೆಯೇ ಕಾರಣವೆಂಬ ಗುಮಾನಿ ಮತ್ತೆ ತಲೆಯೆತ್ತಿತು.

ಆ ಗುಮಾನಿಗೆ ಉತ್ತರ ಎರಡು ವರ್ಷ ಮೊದಲೇ ಸಿಕ್ಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 18ರಿಂದ 45 ವರ್ಷದೊಳಗೆ ಹಠಾತ್ತನೆ ತೀರಿಕೊಂಡ 729 ಮಂದಿಯ ವಿವರಗಳನ್ನು, ಅದೇ ವಯಸ್ಸಿನ, ಅದೇ ನೆರೆಹೊರೆಯ 2916 ಮಂದಿಯ ಜೊತೆ ಹೋಲಿಸಿ 2023ರಲ್ಲಿ ಪ್ರಕಟಿಸಿತು. ಲಸಿಕೆ ಅಪಾಯವನ್ನು ಹೆಚ್ಚಿಸಿರಲಿಲ್ಲ. ಹೆಚ್ಚಿಸಿದ್ದು ಕುಟುಂಬದಲ್ಲಿ ಹಿಂದೆ ನಡೆದ ಹಠಾತ್ ಸಾವು, ಕೋವಿಡ್ ತೀವ್ರವಾಗಿ ಆಸ್ಪತ್ರೆ ಸೇರಿದ್ದು, ಸಾಯುವ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಕುಡಿದದ್ದು, ಮೈಗೆ ಅತಿಯಾದ ಶ್ರಮ ಕೊಟ್ಟದ್ದು. ಅಂದರೆ ಹುಟ್ಟಿನಿಂದ ಬಂದದ್ದೂ ಇದೆ, ಬದುಕುವ ರೀತಿಯೂ ಇದೆ.

ಹೃದಯಾಘಾತ ಹಠಾತ್ತನೆ ಆಗಬಹುದು, ಆದರೆ ಅದರ ಹಿಂದಿನ ಕಾಯಿಲೆ ಹಾಗಲ್ಲ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವಿಲಿಯಂ ಎನೋಸ್ ಮತ್ತು ಸಂಗಡಿಗರು ಪರೀಕ್ಷಿಸಿದ್ದರು. ಸೈನಿಕರ ಸರಾಸರಿ ವಯಸ್ಸು 22. 1953ರ ಅವರ ವರದಿಯ ಪ್ರಕಾರ ಶೇ 77ರಷ್ಟು ಮಂದಿಯ ಹೃದಯದ ರಕ್ತನಾಳಗಳಲ್ಲಿ ಕಾಯಿಲೆಯ ಗುರುತು ಬರಿಗಣ್ಣಿಗೇ ಕಾಣುತ್ತಿತ್ತು. ಬದುಕಿದ್ದಾಗ ಅವರೆಲ್ಲ ಗಟ್ಟಿಮುಟ್ಟಾದ ಯುವಕರು!

ಕೆಲವರಲ್ಲಿ ಇದು ತೀರಾ ಬೇಗ ಬೆಳೆಯುವುದೇಕೆ? 1968ರಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ಯುವ ವೈದ್ಯರು ಅಮೆರಿಕದ ಆಸ್ಪತ್ರೆಯೊಂದರಲ್ಲಿ ಪುಟ್ಟ ಅಣ್ಣ-ತಂಗಿಯರನ್ನು ಕಂಡರು. ಹತ್ತು ವರ್ಷವೂ ತುಂಬದ ಆ ಮಕ್ಕಳಿಗೆ ಪದೇ ಪದೇ ಎದೆನೋವು. ರಕ್ತದಲ್ಲಿ ಕೊಲೆಸ್ಟ್ರಾಲ್ ಹಲವು ಪಟ್ಟು ಹೆಚ್ಚು. ಸಿಗರೇಟಿಲ್ಲ, ಕುಡಿತವಿಲ್ಲ, ಕಚೇರಿಯ ಒತ್ತಡವಿಲ್ಲ. ಮುಂದೆ ಡಲ್ಲಾಸ್‌ನಲ್ಲಿ ಇಬ್ಬರೂ ಸೇರಿ ಇದರ ಗುಟ್ಟು ಬಿಡಿಸಿದರು. ಜೀವಕೋಶಗಳ ಮೇಲಿರುವ ಗ್ರಾಹಿಗಳು ರಕ್ತದಲ್ಲಿನ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಒಳಗೆಳೆದುಕೊಳ್ಳುತ್ತವೆ. ಇಂಥ ಮಕ್ಕಳಲ್ಲಿ ಆ ಗ್ರಾಹಿಗಳೇ ಕೆಟ್ಟಿದ್ದವು. 1985ರಲ್ಲಿ ಅವರಿಗೆ ನೊಬೆಲ್ ಬಂತು.

ತಂದೆ-ತಾಯಿ ಇಬ್ಬರಿಂದಲೂ ಈ ದೋಷ ಬರುವುದು ಅಪರೂಪ. ಒಬ್ಬರಿಂದ ಬಂದವರು ಸುಮಾರು 250–300 ಮಂದಿಗೆ ಒಬ್ಬರಂತೆ ಇದ್ದಾರೆ. ಊರ ಕೆರೆಗೆ ಹೂಳು ತುಂಬುವ ಹಾಗೆ ರಕ್ತನಾಳಗಳಲ್ಲಿ ಕೊಲೆಸ್ಟ್ರಾಲ್ ಸೇರುವ ಲೆಕ್ಕ: ಎಷ್ಟು ಮಣ್ಣು ಬರುತ್ತದೆ ಎನ್ನುವಷ್ಟೇ, ಎಷ್ಟು ವರ್ಷದಿಂದ ಬರುತ್ತಿದೆ ಎನ್ನುವುದೂ ಮುಖ್ಯ. ಇವರಿಗೆ ಅದು ಹುಟ್ಟಿದ ದಿನದಿಂದಲೇ ಬರುತ್ತಿರುತ್ತದೆ.

ಉಳಿದವರಲ್ಲಿ ಒಂದೇ ವಂಶವಾಹಿಯ ದೋಷವಲ್ಲ, ಸಣ್ಣಪುಟ್ಟ ಹಲವು ವ್ಯತ್ಯಾಸಗಳು ಸೇರಿ ಅಪಾಯವಾಗುತ್ತವೆ. ಬಾಸ್ಟನ್ನಿನ ಅಮಿತ್ ಖೇರಾ ಮತ್ತು ಸಂಗಡಿಗರು 55,685 ಮಂದಿಯ ಮಾಹಿತಿ ಜಾಲಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯ. ಆನುವಂಶಿಕ ಅಪಾಯ ಹೆಚ್ಚಿರುವವರಿಗೆ, ಅದು ಕಡಿಮೆ ಇರುವವರಿಗಿಂತ ಶೇ 91ರಷ್ಟು ಹೆಚ್ಚು ಹೃದ್ರೋಗ. ಆದರೆ ಅದೇ ಗುಂಪಿನಲ್ಲಿ ಧೂಮಪಾನ ಮಾಡದಿರುವುದು, ಬೊಜ್ಜಿಲ್ಲದಿರುವುದು, ವ್ಯಾಯಾಮ, ಒಳ್ಳೆಯ ಆಹಾರ, ಈ ನಾಲ್ಕರಲ್ಲಿ ಮೂರನ್ನಾದರೂ ಪಾಲಿಸಿದವರಿಗೆ, ಒಂದಕ್ಕಿಂತ ಹೆಚ್ಚು ಪಾಲಿಸದವರಿಗಿಂತ ಅಪಾಯ ಶೇ 46ರಷ್ಟು ಕಡಿಮೆ. ಅಜ್ಜನಿಂದ ಬಂದದ್ದನ್ನು ಅಳಿಸಲಾಗದು. ಅದರ ಬಲವನ್ನಂತೂ ಕುಗ್ಗಿಸಬಹುದು. ಸಾವಿರಾರು ರೂಪಾಯಿಯ ಡಿಎನ್‌ಎ ಪರೀಕ್ಷೆಯ ಜಾಹೀರಾತುಗಳನ್ನು ಮಾತ್ರ ನಂಬಿ ಓಡಬೇಕಿಲ್ಲ. ಇಂಥ ಪರೀಕ್ಷೆಗಳು ಕೊಡುವ ಅಪಾಯದ ಅಂಕಗಳು ಬಹುಪಾಲು ಯುರೋಪ್ ಮೂಲದವರ ಮಾಹಿತಿಯಿಂದ ಹುಟ್ಟಿದವು, ನಮಗೆ ಅಷ್ಟು ಸರಿಹೊಂದುವುದಿಲ್ಲ.

‘ಭಾರತೀಯರ ರಕ್ತವೇ ಹಾಗೆ’ ಎಂಬ ಮಾತಿಗೂ ಪೂರ್ತಿ ಆಧಾರವಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ನೇತೃತ್ವದ 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಆಗಿತ್ತು. ಉಳಿದೆಡೆ ಸುಮಾರು 59ಕ್ಕೆ. ಈ ಅಂತರಕ್ಕೆ ಬಹುಮಟ್ಟಿಗೆ ಕಾರಣ, ಎಲ್ಲರಿಗೂ ಇರುವ ಅಪಾಯಗಳೇ ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಕಾಣಿಸಿಕೊಂಡದ್ದು.

ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯಂತೆ ಮೊದಲ ಕೊಲೆಸ್ಟ್ರಾಲ್ ಪರೀಕ್ಷೆ 18ನೇ ವಯಸ್ಸಿಗೇ ಆಗಬೇಕು. ಬಹುಮಟ್ಟಿಗೆ ಹುಟ್ಟಿನಿಂದಲೇ ನಿರ್ಧಾರವಾಗುವ ಲಿಪೊಪ್ರೋಟೀನ್ (ಎ) ಎಂಬ ಕೊಲೆಸ್ಟ್ರಾಲ್ ಹೊರುವ ಕಣದ ಪ್ರಮಾಣವನ್ನೂ ಒಮ್ಮೆ ನೋಡಿಸಬೇಕು. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿಗೆ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತವಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ, 18 ತುಂಬುವವರೆಗೂ ಕಾಯಬೇಡಿ.